ಬೆಳಿಗ್ಗೆ ಬಿಗಿ, ಮಧ್ಯಾಹ್ನ ಜಾರು: ಈ ಪೋಲ್‌ಗೆ ಏನಾಗಿದೆ?

ಗಾಜಿನಮನೆ
ಎಲ್ಲರಿಗೂ ನಮಸ್ಕಾರ. ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟು, ಸಣ್ಣಪುಟ್ಟ ಆಫೀಸುಗಳ ಕಿಟಕಿ ಗಾಜು ತೊಳೆಯೋ ಕೆಲಸ ನಮ್ದು. ನಾನು, ಇಬ್ಬರು ಹುಡುಗರು, ಒಂದು ಹಳೇ ಓಮ್ನಿ. ಹೋದ ವರ್ಷ ಒಬ್ಬರು ಕೆಲಸ ಬಿಡ್ತಾ ಇದ್ರು, ಅವರ ಹತ್ತಿರ ಕಾರ್ಬನ್ ಫೈಬರ್ ಪೋಲ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಒಂದರೊಳಗೊಂದು ಕೂರೋ ಆರು ಸೆಕ್ಷನ್, ಪೂರ್ತಿ ಎಳೆದ್ರೆ ಹತ್ತು ಮೀಟರ್ ಚಿಲ್ರೆ. ಒಳಗೇ ನೀರಿನ ಪೈಪ್ ಹೋಗುತ್ತೆ, ತುದೀಲಿ ಬ್ರಶ್. ಮಳೆಗಾಲ ಪೂರ್ತಿ ಒಂದು ತಕರಾರೂ ಇರ್ಲಿಲ್ಲ.

ಈಗ ಒಂದು ತಿಂಗಳಿಂದ ವಿಚಿತ್ರ ಕಾಟ. ಬೆಳಿಗ್ಗೆ ಏಳು ಗಂಟೆಗೆ ಕೆಲಸ ಶುರು ಮಾಡೋಣ ಅಂದ್ರೆ ನಾಲ್ಕನೇ, ಐದನೇ ಸೆಕ್ಷನ್ ಹೊರಗೆ ಬರೋದೇ ಇಲ್ಲ. ಇಬ್ಬರು ಎರಡು ಕಡೆ ಹಿಡ್ಕೊಂಡು ಹಗ್ಗ ಜಗ್ಗಾಟ ಆಡಿದ ಹಾಗೆ ಎಳೀಬೇಕು. ಅದೇ ಪೋಲ್ ಮಧ್ಯಾಹ್ನ ಹನ್ನೆರಡಕ್ಕೆ ಸೆಕ್ಷನ್ ಬಿಗಿಹಿಡಿಯೋ ಕ್ಲಾಂಪ್ ಹಾಕಿದ್ರೂ ಜರ್‍ರಂತ ಇಳಿಯುತ್ತೆ. ಮೊನ್ನೆ ಮೂರನೇ ಮಹಡಿ ಗಾಜಿಗೆ ಬ್ರಶ್ ಆನಿಸಿದ್ದೆ, ಎರಡು ಸೆಕ್ಷನ್ ಒಟ್ಟಿಗೆ ಕುಸಿದು ಹೆಬ್ಬೆರಳ ಮೇಲೆ ಬಂತು. ಉಗುರು ಕಪ್ಪಾಗಿದೆ.

ಜಾರಿದಾಗೆಲ್ಲ ಅಲೆನ್ ಕೀ ತಗೊಂಡು ಕ್ಲಾಂಪ್ ಸ್ಕ್ರೂ ಬಿಗಿ ಮಾಡ್ತೀನಿ. ಮಾರನೇ ದಿನ ಬೆಳಿಗ್ಗೆ ಇನ್ನೂ ಬಿಗಿ. ಪೋಲ್ ಕಥೆ ಮುಗೀತಾ?

ಇನ್ನೊಂದು ತೊಂದರೆ. ಗಾಜು ಒಣಗಿದ ಮೇಲೆ ಬಿಳಿ ಚುಕ್ಕೆ ಬೀಳ್ತಾ ಇದೆ. ನೀರು ಒಳ್ಳೇದೇ ಹಾಕ್ತೀವಿ, ಕುಡಿಯೋ ಕ್ಯಾನ್ ನೀರು.

ಹುಬ್ಬಳ್ಳಿಬಿಸಿಲು
ಅಣ್ಣಾರ, ನಾ ಹುಬ್ಬಳ್ಳ್ಯಾಗ ಮನಿ ಮ್ಯಾಲಿನ ಸೋಲಾರ್ ಪ್ಯಾನಲ್ ತೊಳಿಯೋ ಕೆಲಸ ಮಾಡ್ತೀನಿ, ನಂದೂ ಹಿಂಗಽ ಪೋಲ್ ಐತಿ. ಬಿಸಿಲಿಗೆ ಹಿಗ್ಗತೈತಿ, ಥಂಡಿಗೆ ಕುಗ್ಗತೈತಿ, ಅಷ್ಟಽ. ಮುಂಜಾನೆ ಬಿಸಿಲಿಗೆ ಒಂದು ತಾಸು ಇಡ್ರಿ, ತಾನಽ ಬಿಡತೈತಿ.

ಥೇಮ್ಸ್‌ದಂಡೆ
ಹುಬ್ಬಳ್ಳಿ ಅಣ್ಣ, ನಿಮ್ಮದು ಅಲ್ಯೂಮಿನಿಯಂ ಪೋಲ್ ಇರಬೇಕು, ಅದಕ್ಕೆ ಈ ಮಾತು ಸರಿ. ಕಾರ್ಬನ್ ಫೈಬರ್ ಬಿಸಿಗೆ ಹಿಗ್ಗೋದು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಒಳಗಿನ ಕೊಳವೆ, ಹೊರಗಿನ ಕೊಳವೆ ಎರಡೂ ಕಾರ್ಬನ್ನೇ ಆದಾಗ ಹತ್ತು ಹದಿನೈದು ಡಿಗ್ರಿ ವ್ಯತ್ಯಾಸಕ್ಕೆ ಈ ಆಟ ಆಡಲ್ಲ.

ನಾನು ಮೂಲ ಹಾಸನದವನು. ಇಂಗ್ಲೆಂಡಿಗೆ ಬಂದು ಹನ್ನೊಂದು ವರ್ಷ, ಅದರಲ್ಲಿ ಎಂಟು ವರ್ಷ ಇದೇ ಕಸುಬು. ಇಲ್ಲಿ ಎತ್ತರದಲ್ಲಿ ಮಾಡೋ ಕೆಲಸಕ್ಕೆ 2005ರಲ್ಲಿ ಹೊಸ ನಿಯಮ ಬಂತು. ನೆಲದ ಮೇಲೆ ನಿಂತು ಮಾಡಬಹುದಾದ ಕೆಲಸಕ್ಕೆ ಏಣಿ ಹತ್ತಬೇಡಿ ಅನ್ನೋದು ಅದರ ಸಾರ. ಆಮೇಲೆ ಏಣಿಯವರು ಒಬ್ಬೊಬ್ಬರಾಗಿ ಪೋಲ್‌ಗೆ ಬಂದರು. ಹಾಗಾಗಿ ಕೆಟ್ಟ ಪೋಲ್‌ಗಳನ್ನ ನಾನು ಸಾಕಷ್ಟು ನೋಡಿದ್ದೀನಿ. ಬೆಳಿಗ್ಗೆ ಹಿಡಿದು ಮಧ್ಯಾಹ್ನ ಜಾರೋ ಪೋಲ್ ಮಾತ್ರ ಇದೇ ಮೊದಲು ಕೇಳ್ತಿರೋದು.

ಸಾಮಾನ್ಯವಾಗಿ ಸೆಕ್ಷನ್ ಹಿಡ್ಕೊಳ್ಳೋದು ಮರಳಿನ ಕಣದಿಂದ. ಮುಚ್ಚಿದ ಪೋಲ್ ನೆಲದ ಮೇಲೆ ಇಟ್ಟಾಗ ಸಣ್ಣ ಕಣ ಎರಡು ಕೊಳವೆ ಮಧ್ಯೆ ಸೇರಿಕೊಳ್ಳುತ್ತೆ, ಎಳೆದಾಗ ಗೀರು ಬೀಳುತ್ತೆ. ನಿಮ್ಮ ಕೊಳವೆ ಮೇಲೆ ಉದ್ದುದ್ದ ಗೀರು ಇದೆಯಾ? ಕೈಗೆ ಕಪ್ಪು ಹತ್ತುತ್ತಾ?

ಪೀಣ್ಯಫಿಟ್ಟರ್
ಗುರು, ಮೊದಲು ಆ ಸ್ಕ್ರೂ ಬಿಗಿ ಮಾಡೋದು ನಿಲ್ಲಿಸು. ಕಾರ್ಬನ್ ಕೊಳವೆ ಉದ್ದಕ್ಕೆ ಗಟ್ಟಿ, ಸುತ್ತಲಿಂದ ಹಿಚುಕಿದ್ರೆ ಬಿದಿರು ಸೀಳಿದ ಹಾಗೆ ಸೀಳುತ್ತೆ. ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲ ತಿರುಗಿಸಬಾರದು. ಕ್ಲಾಂಪ್ ಮುಚ್ಚುವಾಗ ಹೆಬ್ಬೆರಳಿಗೆ ಸ್ವಲ್ಪ ತ್ರಾಸ ಆಗಬೇಕು, ಅಂಗೈಯಿಂದ ಗುದ್ದಿ ಮುಚ್ಚೋ ಹಾಗಿರಬಾರದು. ಅಷ್ಟೇ ಅಳತೆ.

ಈಗಾಗಲೇ ಸೀಳಿದೆಯಾ ಅಂತ ತಿಳಿಯೋಕೆ ಐದು ರೂಪಾಯಿ ನಾಣ್ಯ ತಗೊಂಡು ಕ್ಲಾಂಪ್ ಸುತ್ತಮುತ್ತ ಮೆಲ್ಲಗೆ ತಟ್ಟು. ಒಳ್ಳೇ ಜಾಗದಲ್ಲಿ ಟಕ್ ಟಕ್ ಅಂತ ಚುರುಕಾಗಿ ಕೇಳುತ್ತೆ. ಪದರ ಬಿಟ್ಟಿರೋ ಜಾಗದಲ್ಲಿ ಹಲಸಿನ ಹಣ್ಣು ತಟ್ಟಿದ ಹಾಗೆ ಬೊದ್ದು ಸದ್ದು.

ಗಾಜಿನಮನೆ
ಗೀರು ಇದೆ, ಆದ್ರೆ ಆಳ ಇಲ್ಲ. ನಾಣ್ಯ ತಟ್ಟಿ ನೋಡಿದೆ, ಎಲ್ಲ ಕಡೆ ಒಂದೇ ಸದ್ದು. ಸದ್ಯ ಬಚಾವ್.

ಕಪ್ಪು ಅಂದ್ರಲ್ಲ ಸಾರ್, ಅದಂತೂ ಸಿಕ್ಕಾಪಟ್ಟೆ. ಇವತ್ತು ಬೆಳಿಗ್ಗೆ ಒದ್ದಾಡಿ ನಾಲ್ಕನೇ ಸೆಕ್ಷನ್ ಎಳೆದಾಗ ಕ್ಲಾಂಪ್ ಬಾಯಲ್ಲಿ ಬಳೆ ಥರ ಸುತ್ತ ಒಂದು ಮುದ್ದೆ ಬಂತು. ಒಣ ಪುಡಿ ಅಲ್ಲ. ಬೆರಳಲ್ಲಿ ಉಜ್ಜಿದ್ರೆ ಮೇಣದ ಥರ, ಇನ್ನೊಂದು ಸ್ವಲ್ಪ ಉಜ್ಜಿದ್ರೆ ಕರಗಿ ಜಿಡ್ಡು. ನಮ್ಮಜ್ಜಿ ದೀಪದ ಮಸಿ ಹಿಡಿದು ಮಾಡ್ತಿದ್ದ ಕಾಡಿಗೆ ಇದ್ದ ಹಾಗೇ ಇದೆ. ಸೋಪ್ ಹಾಕಿ ಮೂರು ಸಲ ತೊಳೆದ್ರೂ ಉಗುರು ಸಂದಿಯಿಂದ ಹೋಗಿಲ್ಲ.

ಕಡಲಕಿಟಕಿ
ಒಂದು ಕೇಳ್ತೇನೆ, ನಗಬೇಡಿ. ಆ ಮುದ್ದೆ ಮೂಸಿ ನೋಡಿದ್ದೀರಾ?

ನಾನು ಮಂಗಳೂರಿನವಳು. ಡಿಸೆಂಬರಿನಲ್ಲಿ ಬೆಂಗಳೂರಿಗೆ ಅಕ್ಕನ ಮನೆಗೆ ಬಂದಾಗೆಲ್ಲ ಬೆಳಿಗ್ಗೆ ತಲೆಗೆ ಎಣ್ಣೆ ಹಾಕಲಿಕ್ಕೆ ಹೋದರೆ ಬಾಟಲಿಯಲ್ಲಿ ಬಿಳಿ ಕಲ್ಲು. ಮಧ್ಯಾಹ್ನ ನೋಡಿದರೆ ನೀರಿನ ಹಾಗೆ. ನೀವು ಹೇಳಿದ ಲಕ್ಷಣ ಓದಿದ ಕೂಡಲೆ ನನಗೆ ಆ ಬಾಟಲಿಯೇ ಕಣ್ಣಿಗೆ ಬಂತು.

ಥೇಮ್ಸ್‌ದಂಡೆ
ಅಯ್ಯೋ ಮೇಡಂ! ಕೊಬ್ಬರಿ ಎಣ್ಣೆ ಕರಗೋದು 24 ಡಿಗ್ರಿ ಆಸುಪಾಸು. ಜನವರಿ ಬೆಳಿಗ್ಗೆ ಬೆಂಗಳೂರು 15, 16. ಲೆಕ್ಕ ಸರಿಯಾಗಿ ಕೂರುತ್ತೆ. ಗಾಜಿನಮನೆ, ಬೇಗ ಹೇಳಿ.

ಗಾಜಿನಮನೆ
ಮೂಸಿದೆ. ಕಮ್ಮಗೆ ಕೊಬ್ಬರಿ ವಾಸನೆ.

ಹುಡುಗರನ್ನ ಕೂರಿಸಿ ಕೇಳಿದೆ. ಚಿಕ್ಕವನು ತಲೆ ತಗ್ಗಿಸಿ ನಿಂತ. ನವೆಂಬರ್ ಕೊನೇಲಿ ಸೆಕ್ಷನ್ ಸ್ವಲ್ಪ ಗರಗರ ಅಂತಿತ್ತಂತೆ, ಇವನು ಮನೆಯಿಂದ ಬಾಟಲಿ ತಂದು ಪ್ರತಿ ಸೆಕ್ಷನ್‌ಗೂ ಧಾರಾಳವಾಗಿ ಸವರಿದ್ದಾನೆ. “ಅಣ್ಣ, ಸೈಕಲ್ ಚೈನ್‌ಗೆ ಹಾಕಲ್ವಾ?” ಅಂದ. ಬೈಯೋಕೆ ಮನಸ್ಸು ಬರಲಿಲ್ಲ. ಅದೂ ಒಂದು ಸಲ ಅಲ್ಲ, ಬೆಳಿಗ್ಗೆ ಬಿಗಿ ಆದಾಗೆಲ್ಲ ಇನ್ನಷ್ಟು ಹಾಕಿದ್ದಾನೆ. ಅವನು ಬೆಳಿಗ್ಗೆ ಎಣ್ಣೆ ಹಾಕೋದು, ನಾನು ಮಧ್ಯಾಹ್ನ ಸ್ಕ್ರೂ ತಿರುಗಿಸೋದು. ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದು ತಿಂಗಳು ನಡೆಸಿದ್ದೀವಿ.

ಪೀಣ್ಯಫಿಟ್ಟರ್
ಹುಡುಗನ ತಪ್ಪಲ್ಲ ಗುರು. ಉಜ್ಜೋ ಎರಡು ಭಾಗದ ಮಧ್ಯೆ ಎಣ್ಣೆ ಇರಬೇಕು ಅಂತ ನಾವೆಲ್ಲ ಕಲಿತಿದ್ದೇ ಹಾಗೆ. ನನ್ನ ಲೇತ್‌ಗೆ ದಿನಾ ಹಾಕ್ತೀನಿ. ಪೋಲ್ ವಿಷಯ ಬೇರೆ. ಅಲ್ಲಿ ಕ್ಲಾಂಪ್ ಹಿಡಿಯೋದೇ ಘರ್ಷಣೆಯಿಂದ. ಅದನ್ನೇ ತೆಗೆದ್ರೆ ಇನ್ನೇನು ಹಿಡಿಯುತ್ತೆ? ಜೊತೆಗೆ ಧೂಳು, ಸವೆದ ಕಾರ್ಬನ್ ಪುಡಿ ಎಲ್ಲ ಎಣ್ಣೇಲಿ ಕೂತು ಉಪ್ಪುಕಾಗದದ ಕೆಲಸ ಮಾಡುತ್ತೆ. ಸಿಲಿಕೋನ್ ಸ್ಪ್ರೇನೂ ಬೇಡ, ಗ್ರೀಸೂ ಬೇಡ, ಮೇಣಾನೂ ಬೇಡ. ನೀರೇ ಅದಕ್ಕೆ ಎಣ್ಣೆ.

ಕಳಚೋ ಕ್ರಮ ಹೇಳ್ತೀನಿ, ಬರ್ಕೋ. ಮೊದಲು ಬ್ರಶ್, ಅದರ ಕೆಳಗಿನ ಬಾಗುಕತ್ತು ತೆಗಿ. ಒಳಗಿನ ಪೈಪ್ ಎಳೆಯೋ ಮುಂಚೆ ಅದರ ತುದಿಗೆ ಒಂದು ಉದ್ದ ನೈಲಾನ್ ದಾರ ಕಟ್ಟು. ಪೈಪ್ ಹೊರಗೆ ಬಂದಾಗ ದಾರ ಒಳಗೆ ಉಳಿಯುತ್ತೆ, ಕೊಳವೆ ಒಳಗೆ ಬಟ್ಟೆ ಎಳೆಯೋಕೆ ಅದೇ ಬೇಕು. ಬುಡದ ರಬ್ಬರ್ ಬೂಚ್ ತೆಗೆದು ಕ್ಲಾಂಪ್ ಎಲ್ಲ ಪೂರ್ತಿ ಬಿಚ್ಚು. ಕೆಲವು ಪೋಲ್‌ನಲ್ಲಿ ಸೆಕ್ಷನ್ ಮೇಲಿಂದಲೇ ಬರುತ್ತೆ, ಕೆಲವದಕ್ಕೆ ಕೆಳಗಡೆ ತಡೆಬಳೆ ಇರುತ್ತೆ, ಅದು ಬುಡದಿಂದ ಮಾತ್ರ. ಗೊತ್ತಾಗದೆ ಜಗ್ಗಬೇಡ.

ಹಿಡ್ಕೊಂಡಿರೋದು ಕೊಬ್ಬರಿ ಎಣ್ಣೆ ಅಂದ ಮೇಲೆ ನಿನಗೆ ಸುಲಭ. ಮಧ್ಯಾಹ್ನ ಬಿಸಿಲಲ್ಲಿ ಮಾಡು, ಎಲ್ಲ ಬೆಣ್ಣೆ ಥರ ಬಿಟ್ಕೊಳುತ್ತೆ. ಹುಬ್ಬಳ್ಳಿಯವರ ಬಿಸಿಲಿನ ಔಷಧಿ ಕೊನೆಗೂ ಸರಿಹೋಯ್ತು ನೋಡು, ಕಾರಣ ಮಾತ್ರ ಬೇರೆ.

ಪಾತ್ರೆ ತೊಳೆಯೋ ಲಿಕ್ವಿಡ್, ಉಗುರುಬೆಚ್ಚಗಿನ ನೀರು, ಮೈಕ್ರೋಫೈಬರ್ ಬಟ್ಟೆ. ಕುದಿಯೋ ನೀರು ಹುಯ್ದೀಯ, ಕ್ಲಾಂಪ್ ಕೂರಿಸಿರೋ ಅಂಟು ಮೆತ್ತಗಾಗುತ್ತೆ. ಒಳಮೈಗೆ ಹಳೇ ಬನಿಯನ್ ಹರಿದು ದಾರಕ್ಕೆ ಗಂಟು ಹಾಕಿ ಆ ಕಡೆ ಈ ಕಡೆ ಎಳಿ. ಬಟ್ಟೆ ಬೆಳ್ಳಗೆ ಬರೋವರೆಗೂ ಬಿಡಬೇಡ. ಕೊನೇಲಿ ಕ್ಲಾಂಪ್ ಒಳಮೈ, ಅದು ಹಿಡಿಯೋ ಜಾಗ ಎರಡನ್ನೂ ಸ್ಪಿರಿಟ್‌ನಲ್ಲಿ ಒರೆಸು, ಮೊಬೈಲ್ ರಿಪೇರಿಯವರು ಬಳಸ್ತಾರಲ್ಲ, ಆ ಐಪಿಎ. ಕೈಗವಸು ಹಾಕ್ಕೋ. ಕಾರ್ಬನ್ ಎಳೆ ಅಂಗೈಗೆ ಚುಚ್ಚಿದ್ರೆ ಪಾಪಾಸುಕಳ್ಳಿ ಮುಳ್ಳಿಗಿಂತ ಕಷ್ಟ, ಕಣ್ಣಿಗೆ ಕಾಣೋದೇ ಇಲ್ಲ.

ಲೈನ್‌ಮನ್‌ಮಗ
ಮಧ್ಯೆ ಬಾಯಿ ಹಾಕ್ತಿದ್ದೀನಿ. ಪೋಲ್ ಕುಸೀತು ಅಂದ್ರಲ್ಲ ಸಾರ್, ಪಕ್ಕಕ್ಕೆ ವಾಲಿದ್ರೆ? ನಮ್ಮೂರಲ್ಲಿ ಕಟ್ಟಡದ ಮೂತಿಗೇ 11 ಕೆವಿ (11,000 ವೋಲ್ಟ್) ತಂತಿ ಹೋಗಿರುತ್ತೆ. ನಿಯಮದ ಪ್ರಕಾರ ಕಟ್ಟಡದಿಂದ ಅಡ್ಡಕ್ಕೆ 1.2 ಮೀಟರ್ ದೂರ ಇದ್ರೆ ಸಾಕು. ಅದು ಗೋಡೆಗೆ ಹೇಳಿದ ಅಳತೆ, ಒದ್ದೆ ಪೋಲ್ ಹಿಡಿದು ನಿಂತವನಿಗಲ್ಲ. ಕಾರ್ಬನ್ ಫೈಬರ್ ಕರೆಂಟ್ ಹರಿಸುತ್ತೆ. ತಂತಿಗೆ ತಾಗಲೇಬೇಕು ಅಂತಿಲ್ಲ, ತೀರಾ ಹತ್ತಿರ ಹೋದ್ರೂ ಹಾರುತ್ತೆ. ಫೈಬರ್ ಗ್ಲಾಸ್ ಪೋಲ್ ಇದ್ರೆ ಪರವಾಗಿಲ್ಲ ಅಂತ ಮಾರೋರು ಹೇಳ್ತಾರೆ. ಒಣಗಿದ್ದಾಗ ಆ ಮಾತು. ಹೊರಗೆ ಒದ್ದೆ, ಒಳಗೆ ಪೈಪ್ ತುಂಬ ನೀರು, ಮೇಲೆ ಕೊಳೆ ಇದ್ದಾಗ ನಾನಂತೂ ನಂಬಲ್ಲ.

ಅಪ್ಪ ಮೂವತ್ತು ವರ್ಷ ಲೈನ್ ಕೆಲಸ ಮಾಡಿದವರು. ಕಂಬದ ಕಡೆ ಕೈ ತೋರಿಸೋಕೂ ಮೊದಲು ತಲೆ ಎತ್ತಿ ತಂತಿ ನೋಡ್ತಿದ್ರು.

ಥೇಮ್ಸ್‌ದಂಡೆ
ಇವರ ಮಾತನ್ನ ನೂರಕ್ಕೆ ನೂರು ಒಪ್ತೀನಿ. ನಾನಿಲ್ಲಿ ಮೇಲ್ತಂತಿಯಿಂದ 10 ಮೀಟರ್ ಒಳಗೆ ಪೋಲ್ ಎತ್ತೋದೇ ಇಲ್ಲ. ಬೆಂಗಳೂರಿನ ಗಲ್ಲೀಲಿ ಆ ಲೆಕ್ಕ ಹಿಡಿದ್ರೆ ಅರ್ಧ ಕೆಲಸ ಬಿಡಬೇಕಾಗುತ್ತೆ, ಗೊತ್ತು. ಬಿಡಿ. ಆ ಕಡೆ ಗಾಜನ್ನ ಒಳಗಿಂದ ಒರೆಸಿ ಕೊಡ್ತೀವಿ ಅಂತ ಹೇಳಿ.

ಈಗ ಚುಕ್ಕೆ ವಿಷಯ. ಗಾಜಿನಮನೆ, ಕ್ಯಾನ್ ನೀರು ಕುಡಿಯೋಕೆ ಒಳ್ಳೇದು, ಗಾಜಿಗೆ ಅಲ್ಲ. ನೀರಲ್ಲಿ ಕರಗಿರೋ ಉಪ್ಪು ಅಳೆಯೋ ಟಿಡಿಎಸ್ ಮೀಟರ್ ಇದೆಯಾ?

ಗಾಜಿನಮನೆ
ಇದೆ ಸಾರ್, ಪೆನ್ ಥರದ್ದು. ಕ್ಯಾನ್ ನೀರು 64 ತೋರಿಸ್ತು. ಅಪಾರ್ಟ್‌ಮೆಂಟ್ ಬೋರ್ ನೀರು 870. ಅದಕ್ಕೆ ಹೋಲಿಸಿದ್ರೆ 64 ಚಿನ್ನ ಅಂದ್ಕೊಂಡಿದ್ದೆ.

ಥೇಮ್ಸ್‌ದಂಡೆ
ಅಲ್ಲೇ ಎಡವಿದ್ದು. ಕುಡಿಯೋ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳೋದು ಲೀಟರಿಗೆ 500 ಮಿಲಿಗ್ರಾಂ ಒಳಗಿರಲಿ ಅಂತ. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೂ ನಡೆಯುತ್ತೆ. ನಮ್ಮ ಕೆಲಸದಲ್ಲಿ ಗಾಜನ್ನ ಬಟ್ಟೆಯಿಂದ ಒರೆಸಲ್ಲ, ನೀರು ತಾನಾಗಿ ಆರಬೇಕು. ನೀರು ಆವಿಯಾಗುತ್ತೆ, ಅದರಲ್ಲಿದ್ದ ಸುಣ್ಣ ಉಪ್ಪು ಅಲ್ಲೇ ಕೂರುತ್ತೆ. 10 ದಾಟಿದ್ರೆ ಕಪ್ಪು ಗಾಜಿನ ಮೇಲೆ ಬಿಸಿಲು ಬಿದ್ದಾಗ ಕಂಡೇ ಕಾಣುತ್ತೆ. ನಾನು ಸೊನ್ನೆ ಬಿಟ್ಟು ಬೇರೆ ಅಂಕಿ ಕಂಡ್ರೆ ರೆಸಿನ್, ಅಂದ್ರೆ ನೀರಲ್ಲಿ ಉಳಿದ ಉಪ್ಪು ಹೀರ್ಕೊಳ್ಳೋ ಸಣ್ಣ ಕಾಳು, ಬದಲಾಯಿಸೋ ಯೋಚನೆ ಮಾಡ್ತೀನಿ.

ನಿಮ್ಮ 870ರ ಬೋರ್ ನೀರನ್ನ ನೇರ ರೆಸಿನ್‌ಗೆ ಬಿಟ್ರೆ ದುಡ್ಡು ನೀರಿನ ಹಾಗೆ ಹರಿಯುತ್ತೆ. ಮೊದಲು ಆರ್‌ಒ, ಆಮೇಲೆ ರೆಸಿನ್. ಆರ್‌ಒ ನೂರರಲ್ಲಿ 95 ತೆಗೆದ್ರೆ ರೆಸಿನ್‌ಗೆ ಉಳಿಯೋದು 40-45. ಅಂದ್ರೆ ಅದೇ ರೆಸಿನ್ ಸುಮಾರು ಇಪ್ಪತ್ತು ಪಟ್ಟು ನೀರು ಕೊಡುತ್ತೆ. ರಾತ್ರಿಯೆಲ್ಲ ನಿಂತ ಆರ್‌ಒ ಬೆಳಿಗ್ಗೆ ಮೊದಲ ಕೆಲವು ನಿಮಿಷ ಕೆಟ್ಟ ಅಂಕಿ ತೋರಿಸುತ್ತೆ, ಆ ನೀರನ್ನ ಆಚೆ ಬಿಡಿ. ಕಾವೇರಿ ನೀರು ಹಾಕೋರಾದ್ರೆ ಮೆಂಬ್ರೇನ್‌ಗೆ ಮೊದಲು ಕಾರ್ಬನ್ ಫಿಲ್ಟರ್ ಇರಲೇಬೇಕು, ಕ್ಲೋರಿನ್ ತಾಗಿದ್ರೆ ಮೆಂಬ್ರೇನ್ ಹಾಳು. ರೆಸಿನ್ ಸತ್ತಾಗ ಮೀನಿನ ವಾಸನೆ ಬರುತ್ತೆ, ಮೀಟರ್ ಕೈಕೊಟ್ಟ ದಿನ ಮೂಗು ಸಾಕು. ಈ ಚರ್ಚೆಯಲ್ಲಿ ಮೂಗಿಗೆ ಇವತ್ತು ಒಳ್ಳೇ ಬೆಲೆ.

ಬೋರ್‌ವೆಲ್‌ಬಾಯಾರಿಕೆ
ಸ್ವಾಮಿ, ಒಂದು ಕ್ಷಣ. ಆರ್‌ಒ ಒಂದು ಲೀಟರ್ ಶುದ್ಧ ನೀರು ಕೊಡೋಕೆ ಒಂದೆರಡು ಲೀಟರ್ ಚರಂಡಿಗೆ ಬಿಡುತ್ತೆ. 2024ರ ಮಾರ್ಚ್ ನೆನಪಿದೆಯಾ? ಕುಡಿಯೋ ನೀರಲ್ಲಿ ಕಾರು ತೊಳೆದ್ರೆ, ಗಿಡಕ್ಕೆ ಹಾಕಿದ್ರೆ 5,000 ರೂ. ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ನಮ್ಮ ಲೇಔಟ್‌ನಲ್ಲಿ ಬೋರ್ ಬತ್ತಿ ಟ್ಯಾಂಕರ್‌ಗೆ ಕಾದು ಕೂತಿದ್ವಿ. ಆಗ ಎದುರು ಬಿಲ್ಡಿಂಗ್‌ನಲ್ಲಿ ಗಾಜಿಗೆ ಅಭಿಷೇಕ ನಡೀತಿತ್ತು.

ಗಾಜಿನಮನೆ
ಆ ಬೇಸಿಗೇಲಿ ನಾವು ಎರಡು ತಿಂಗಳು ಪೋಲ್ ಮುಟ್ಟಿಲ್ಲ ಸಾರ್. ಸ್ಕ್ವೀಜಿ (ಗಾಜಿನ ನೀರು ಎಳೆಯೋ ರಬ್ಬರ್ ಪಟ್ಟಿ), ಒಂದು ಬಕೆಟ್ ನೀರು, ಎಟಕುವ ಗಾಜು ಮಾತ್ರ. ನಿಮ್ಮ ಸಿಟ್ಟು ತಪ್ಪಲ್ಲ.

ಪೀಣ್ಯಫಿಟ್ಟರ್
ಆರ್‌ಒ ಬಿಡೋ ನೀರನ್ನ ಡ್ರಮ್‌ನಲ್ಲಿ ಹಿಡಿದು ಬೇಸ್‌ಮೆಂಟ್ ತೊಳೆಯೋಕೆ, ಟಾಯ್ಲೆಟ್ ಫ್ಲಶ್‌ಗೆ ಕೊಟ್ಟುಬಿಡಿ, ಅಸೋಸಿಯೇಷನ್‌ನವರೂ ಖುಷಿ. ಗಿಡಕ್ಕೆ ಮಾತ್ರ ಬೇಡ, ಉಪ್ಪು ಜಾಸ್ತಿ.

ಇನ್ನೂ ಒಳ್ಳೇ ದಾರಿ ಮಳೆ ನೀರು. 2009ರಿಂದ ಬೆಂಗಳೂರಲ್ಲಿ ಮಳೆನೀರು ಕೊಯ್ಲು ಕಡ್ಡಾಯ ಮಾಡಿದ್ದಾರೆ, ಎಷ್ಟೋ ಅಪಾರ್ಟ್‌ಮೆಂಟ್‌ನಲ್ಲಿ ಸಂಪು ಇದೆ. ಮೊದಲ ಮಳೆ ಕೊಳೆ ಬಿಟ್ಟು ಆಮೇಲೆ ಹಿಡಿದ ನೀರು ನನ್ನ ಮೀಟರಲ್ಲಿ 20ರ ಹತ್ತಿರ ಬಂತು. ಅದನ್ನ ಸೋಸಿ ನೇರ ರೆಸಿನ್‌ಗೆ ಬಿಡಬಹುದು, ಆರ್‌ಒ ತಲೆನೋವೇ ಇಲ್ಲ. ಗುರು, ಮಳೆಗಾಲದಲ್ಲಿ ಒಂದು ತಕರಾರೂ ಇರಲಿಲ್ಲ ಅಂದ್ಯಲ್ಲ, ಅಂದ್ರೆ ಚುಕ್ಕೆನೂ ಬೀಳ್ತಿರಲಿಲ್ಲ, ಆಗ ಯಾವ ನೀರು ಹಾಕ್ತಿದ್ದೆ?

ಗಾಜಿನಮನೆ
ಆಗ ಒಂದು ಅಪಾರ್ಟ್‌ಮೆಂಟ್‌ನ ಮಳೆನೀರಿನ ಸಂಪಿಂದ ತುಂಬಿಸ್ಕೊಳ್ತಿದ್ದೆ! ಪುಕ್ಕಟೆ ಅಂತ, ಶುದ್ಧ ಅಂತಲ್ಲ. ಈಗ ಅರ್ಥ ಆಯ್ತು.

ಕಡಲಕಿಟಕಿ
ಚುಕ್ಕೆಗೆ ಇನ್ನೊಂದು ಕಾರಣ ಉಂಟು. ನೀರು ಸೊನ್ನೆ ಇದ್ದರೂ ಮೇಲಿನ ಫ್ರೇಮ್ ತೊಳೆಯದೆ ಗಾಜು ಮಾತ್ರ ತೊಳೆದರೆ, ಆಮೇಲೆ ರಬ್ಬರ್ ಬೀಡಿಂಗ್ ಒಳಗಿಂದ ಕೊಳೆ ನೀರು ಒಂದೊಂದೇ ಹನಿ ಇಳಿಯುತ್ತದೆ. ಗಾಜಿನ ಮೇಲ್ತುದಿಯಿಂದ ಶುರುವಾಗಿ ಗೆರೆ ಗೆರೆ ಬಂದಿದ್ದರೆ ಇದೇ. ಫ್ರೇಮ್ ಮೊದಲು, ಗಾಜು ಆಮೇಲೆ, ಕೊನೆಗೆ ಬ್ರಶ್ ಗಾಜಿಗೆ ತಾಗಿಸದೆ ಬರೀ ನೀರು. ನಮ್ಮಲ್ಲಿ ಕಡಲ ಗಾಳಿಯ ಉಪ್ಪು ಗಾಜಿನ ಮೇಲೆ ಕೂತಿರುತ್ತದೆ, ಎರಡು ಸಲ ತೊಳೆಯದೆ ಆಗುವುದೇ ಇಲ್ಲ. ಕ್ಲಾಂಪ್ ಸ್ಕ್ರೂ ಕೂಡ ತುಕ್ಕು ಹಿಡಿದು ತಲೆ ಸವೆಯಿತು, ಈಗ ಸ್ಟೈನ್‌ಲೆಸ್ ಹಾಕಿಸಿದ್ದೇನೆ.

ಹುಬ್ಬಳ್ಳಿಬಿಸಿಲು
ನನ್ನ ಔಷಧಿ ಕೊನಿಗೆ ಕೆಲಸಕ್ಕ ಬಂತಲ್ಲ, ಸಾಕು. ಈಗ ನನ್ನ ಪ್ರಶ್ನಿ. ನನ್ನ ಬ್ರಶ್ಶಿನ್ಯಾಗ ನೀರು ಒಂದು ಕಡಿ ಜೋರು, ಇನ್ನೊಂದು ಕಡಿ ಚಿಂವ್ ಚಿಂವ್ ಅಂತೈತಿ. ಪಂಪ್ ಬ್ಯಾರೆ ನಿಂತು ನಿಂತು ಓಡತೈತಿ. ಮತ್ತ ಕಿಚನ್ ಆರ್‌ಒದಾಗಿನ ಜಾಯಿಂಟ್ ತಂದು ಪೈಪಿಗೆ ಹಾಕಿದ್ರ ಒಂದು ದಿನಾನೂ ನಿಲ್ಲವಲ್ತು, ಸಿಡದು ಹೋಗತೈತಿ.

ಪೀಣ್ಯಫಿಟ್ಟರ್
ಜಾಯಿಂಟ್ ಕಥೆ ನನಗೆ ಗೊತ್ತು ರೀ, ವಾರಕ್ಕೊಬ್ಬರು ಇದೇ ಹೇಳ್ಕೊಂಡು ಬರ್ತಾರೆ. ಮನೆ ಆರ್‌ಒ ಪೈಪು ಕಾಲು ಇಂಚು, ಅಂದ್ರೆ 6.35 ಮಿಮೀ. ಅದರ ಮೇಲಿನದು ಮುಕ್ಕಾಲು ಇಂಚಿನ ಅರ್ಧ, 9.5 ಮಿಮೀ. ಪೋಲ್ ಒಳಗಿನ ಪೈಪು ಸಾಮಾನ್ಯವಾಗಿ ಹೊರ ಅಳತೆ 8 ಮಿಮೀ, ಒಳ ಅಳತೆ 5. ನೋಡೋಕೆ ಒಂದೇ ಥರ, ಕೂರೋದಿಲ್ಲ. ಆರ್‌ಒ ಅಂಗಡಿ ಬಿಡಿ, ಗಾಳಿ ಕೆಲಸದ ಅಂಗಡಿಗೆ ಹೋಗಿ. ಫ್ಯಾಕ್ಟರೀಲಿ ಕಂಪ್ರೆಸರ್ ಗಾಳಿಗೆ ಬಳಸೋ 8 ಮಿಮೀ ಪಿಯು ಪೈಪು, ಒತ್ತಿದ್ರೆ ಕೂರೋ ಜಾಯಿಂಟು, ಎರಡೂ ಪೀಣ್ಯದಲ್ಲಿ ರಾಶಿ ರಾಶಿ. ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಏರಿಯಾ ಕಡೆ ವಿಚಾರಿಸಿ. ಪೈಪ್ ತುದಿ ಬ್ಲೇಡಲ್ಲಿ ನೇರಕ್ಕೆ ಕತ್ತರಿಸಬೇಕು, ಕತ್ತರೀಲಿ ಕಚ್ಚಿದ್ರೆ ತುದಿ ಮೊಟ್ಟೆ ಆಕಾರಕ್ಕೆ ಬಂದು ಸೋರುತ್ತೆ.

ಬ್ರಶ್‌ನಲ್ಲಿ ನೀರು ಚಿಮ್ಮೋ ಎರಡು ಜೆಟ್‌ನಲ್ಲಿ ಒಂದು ಕಟ್ಟಿದೆ. ಹೊಲಿಗೆ ಸೂಜಿ ಹಾಕಿ ಬಿಡಿಸಿ, ಮೊಳೆ ಹಾಕಿ ತೂತು ದೊಡ್ಡದು ಮಾಡಬೇಡಿ. ಒಳಗಿಂದ ಸಾಬೂದಾನಿ ಮರಿ ಥರ ಬಂಗಾರ ಬಣ್ಣದ ಕಾಳು ಬಂದ್ರೆ ಅದು ರೆಸಿನ್. ಡಬ್ಬಿಯೊಳಗಿನ ಜಾಲರಿ ಒಡೆದಿದೆ ಅಂತ ಅರ್ಥ, ಅದನ್ನ ಸರಿ ಮಾಡದೆ ಜೆಟ್ ಎಷ್ಟು ಬಿಡಿಸಿದ್ರೂ ಅಷ್ಟೇ. ಜೆಟ್ ಕಟ್ಟಿದ್ದಕ್ಕೇ ಪಂಪ್‌ಗೆ ಎದುರು ಒತ್ತಡ ಏರಿ ನಿಂತು ನಿಂತು ಓಡ್ತಿರೋದು. ಬಿಡಿಸಿದ ಮೇಲೂ ಹಾಗೇ ಇದ್ರೆ ಬ್ಯಾಟರಿ ನೋಡಿ.

ಥೇಮ್ಸ್‌ದಂಡೆ
ಪಂಪ್‌ನ ಬೈಯೋ ಮುಂಚೆ ಎತ್ತರಾನೂ ಲೆಕ್ಕ ಹಾಕಿ. ಪ್ರತಿ 10 ಮೀಟರ್ ಏರಿಕೆಗೆ ಸುಮಾರು ಒಂದು ಬಾರ್ ಒತ್ತಡ ಬರೀ ನೀರು ಎತ್ತೋಕೇ ಹೋಗುತ್ತೆ, ಪೈಪಿನ ತಿಕ್ಕಾಟ ಬೇರೆ. ಹುಬ್ಬಳ್ಳಿ ಅಣ್ಣ, ಪ್ಯಾನಲ್ ಕೆಲಸ ಬೆಳಗಿನ ತಂಪಲ್ಲೇ ಮುಗಿಸಿ. ಕಾದ ಗಾಜಿಗೆ ತಣ್ಣೀರು ಬೀಳೋದು ಒಳ್ಳೇದಲ್ಲ, ನೀರೂ ಉಜ್ಜೋಕೆ ಮುಂಚೆ ಆರಿಬಿಡುತ್ತೆ.

ಗಾಜಿನಮನೆ
ಮೂರು ದಿನ ಆದ್ಮೇಲೆ ಬಂದೆ. ಭಾನುವಾರ ಮಧ್ಯಾಹ್ನ ಟೆರೇಸ್ ಮೇಲೆ ಪೋಲ್ ಪೂರ್ತಿ ಕಳಚಿದ್ವಿ. ದಾರ ಕಟ್ಟೋದು ಮರೆತು ಪೈಪ್ ಎಳೆದುಬಿಟ್ಟೆ, ಆಮೇಲೆ ದಾರದ ತುದಿಗೆ ಒಂದು ನಟ್ ಕಟ್ಟಿ ಕೊಳವೇಲಿ ಇಳಿಬಿಟ್ಟು ಸರಿಮಾಡ್ಕೊಂಡೆ. ಬನಿಯನ್ ಎಳೆಯೋ ಕೆಲಸ ಚಿಕ್ಕವನದ್ದೇ. ಮೊದಲ ಎಳೆತಕ್ಕೆ ಬಂದ ಬಟ್ಟೆ ನೋಡಿ ಅವನೇ “ಅಣ್ಣ, ಇಷ್ಟು ಹಾಕಿದ್ನಾ?” ಅಂದ. ಹನ್ನೊಂದು ತುಂಡು ಬಟ್ಟೆ ಬೇಕಾಯ್ತು. ಹನ್ನೊಂದನೇದು ಬೂದು ಬಣ್ಣ ಇತ್ತು, ಬೆಳ್ಳಗೆ ಆಗಲಿಲ್ಲ, ಸಾಕು ಅಂತ ಬಿಟ್ವಿ. ಸೆಕ್ಷನ್‌ಗಳ ಕೊಯ್ದ ತುದೀಲಿ ಎಳೆ ಎದ್ದಿತ್ತು, ಅಲ್ಲಿ ಒದ್ದೆ ಉಪ್ಪುಕಾಗದ ಆಡಿಸಿ ತೆಳುವಾಗಿ ಫೆವಿಕ್ವಿಕ್ ಸವರಿದೆ.

ಇವತ್ತು ಬೆಳಿಗ್ಗೆ ಆರೂವರೆಗೆ, ಬಾಯಿಂದ ಹೊಗೆ ಬರೋ ಚಳಿ. ಆರೂ ಸೆಕ್ಷನ್ ಒಂದೇ ಕೈಯಲ್ಲಿ ಬಂತು. ಮಧ್ಯಾಹ್ನ ಒಂದು ಗಂಟೆವರೆಗೂ ನಾಲ್ಕು ಕ್ಲಾಂಪ್ ಅಲ್ಲಾಡಲಿಲ್ಲ. ಐದನೇದು ಮಾತ್ರ ಈಗಲೂ ಮೆಲ್ಲಗೆ ಜಾರುತ್ತೆ. ಅದರ ಒಳಗಿನ ರಬ್ಬರ್ ಉಬ್ಬಿ ಮೆತ್ತಗಾಗಿದೆ, ಎಣ್ಣೆ ಕುಡಿದಿರಬೇಕು.

ಪೀಣ್ಯಫಿಟ್ಟರ್
ಆ ರಬ್ಬರ್ ಇನ್ನು ಸರಿಹೋಗಲ್ಲ. ಕೊಳವೆ ಹೊರ ಅಳತೆ ವರ್ನಿಯರ್‌ನಲ್ಲಿ ಹಿಡಿದು ಹಾಕು, ನನ್ನ ಹತ್ತಿರ ಎರಡು ಹಳೇ ಕ್ಲಾಂಪ್ ಬಿದ್ದಿವೆ, ಹೊಂದಿದ್ರೆ ತಗೊಂಡು ಹೋಗು. ಅಲ್ಲಿವರೆಗೂ ಐದನೇ ಸೆಕ್ಷನ್ ಹೊರಗೆ ಎಳೀಬೇಡ, ಎರಡನೇ ಮಹಡಿವರೆಗಿನ ಕೆಲಸ ಹಿಡಿ. ಶನಿವಾರ ಅಂಗಡಿ ಮಧ್ಯಾಹ್ನದವರೆಗೂ ತೆಗ್ದಿರುತ್ತೆ.

ಗಾಜಿನಮನೆ
ಬರ್ತೀನಿ ಸಾರ್. ಚಿಕ್ಕವನನ್ನೂ ಕರ್ಕೊಂಡು ಬರ್ತೀನಿ, ನಿಮ್ಮ ಲೇತ್ ನೋಡಬೇಕಂತೆ.

ಪೀಣ್ಯಫಿಟ್ಟರ್
ಬರಲಿ ಬರಲಿ. ಅವನ ಬಾಟಲೀನೂ ತರಲಿ, ಇಲ್ಲಿ ಎಣ್ಣೆ ಹಾಕೋ ಜಾಗ ಬೇಕಾದಷ್ಟಿದೆ.